ಬೆಳಕಿನ ಅಚ್ಚುಮೊಳೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆಯಿದೆ. ಅದರಲ್ಲಿ ಎರಡು ಸೇರಿನಷ್ಟು ಸೀಸದ ಅಚ್ಚುಮೊಳೆಗಳಿವೆ. ನನ್ನ ಸೋದರಮಾವನವರ ಮುದ್ರಣಾಲಯವು ೧೯೯೬ರಲ್ಲಿ ಮುಚ್ಚಿಹೋದಾಗ ಅಲ್ಲಿದ್ದ ಸೀಸವೆಲ್ಲವೂ ತೂಕದ ಲೆಕ್ಕದಲ್ಲಿ ಗುಜರಿಯವನ ಗಾಡಿಯನ್ನೇರಿತು; ನಾನು ಕೇಳಿ ಉಳಿಸಿಕೊಂಡದ್ದು ಇಷ್ಟು ಮಾತ್ರ. ಆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ಮುದುಡಿಕೊಳ್ಳುತ್ತದೆ. ಅದರ ಕಾರಣವನ್ನು ಇದುವರೆಗೆ ಯಾರೊಡನೆಯೂ ಹೇಳಿದವನಲ್ಲ. ಸಮುದ್ರದಾಚೆಯ ಒಂದು ಕಂಪೆನಿಯ ಏಳುಬೀಳುಗಳನ್ನು ತಿಳಿದುಕೊಂಡ ಮೇಲೆ ಹೇಳಿಬಿಡುವುದೇ ಲೇಸೆಂದು ತೋರಿತು. ಆದಕಾರಣ ಆ ಕಥೆಯನ್ನೂ ನನ್ನ ಕಥೆಯನ್ನೂ ಒಟ್ಟಿಗೆ ವಾಚಕರ ಮುಂದೆ ಇಡುತ್ತಿದ್ದೇನೆ.

ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ ಹೊರಬಿದ್ದ ನನಗೆ, ಶಾಲೆಯಲ್ಲಿ ಪಂಡಿತನ ಕೆಲಸ ದೊರೆಯುವವರೆಗೆ, ಅಂದರೆ ೧೯೭೮ರಿಂದ ಮೂರು ವರ್ಷಗಳ ಕಾಲ, ಅನ್ನವನ್ನಿತ್ತದ್ದು ಆ ಮುದ್ರಣಾಲಯವೇ. ಕರಡಚ್ಚನ್ನು ತಿದ್ದುವುದು ನನ್ನ ಕೆಲಸ. ಮೊಳೆ ಜೋಡಿಸುವುದಕ್ಕೆ ಹಿರಿಯರೊಬ್ಬರಿದ್ದರು. ಅವರು ನಾಲ್ಕನೆಯ ತರಗತಿಗಿಂತ ಮೇಲೆ ಓದಿದವರಲ್ಲ. ಆದರೂ ಕನ್ನಡಿಯೊಳಗಿನ ಬರಹದಂತೆ ತಿರುಗುಮುರುಗಾಗಿರುವ ಮೊಳೆಗಳ ಸಾಲನ್ನು ನಾವು ಪುಸ್ತಕವನ್ನು ಓದುವಷ್ಟು ಸಲೀಸಾಗಿ ಓದಬಲ್ಲವರಾಗಿದ್ದರು. ಅವರ ಬಲಗೈಯು ಕೇಸಿನ ನೂರಾರು ಮನೆಗಳ ನಡುವೆ ಕಣ್ಣಿನ ಸಹಾಯವಿಲ್ಲದೆಯೇ ಓಡಾಡುತ್ತಿತ್ತು. ಒಂದು ದಿನ ನಾನು ತಿದ್ದಿ ಒಪ್ಪಿದ್ದ ಕರಡನ್ನು ಹಿಂದಕ್ಕೆ ತಂದು, "ಸ್ವಾಮಿ, ತಪ್ಪು ತಿಳಿಯಬೇಡಿ, ಇಲ್ಲೊಂದು ಒತ್ತು ಬಿಟ್ಟುಹೋದ ಹಾಗೆ ಕಾಣುತ್ತದೆ" ಎಂದರು. ನೋಡಿದೆ. ಬಿಟ್ಟುಹೋಗಿದ್ದಿತು. ವ್ಯಾಕರಣವನ್ನು ಓದಿದ್ದ ನನ್ನ ಕಣ್ಣು ತಪ್ಪಿಸಿಕೊಂಡದ್ದನ್ನು ಓದದಿದ್ದ ಅವರ ಕಣ್ಣು ಹಿಡಿದಿತ್ತು. ನಾನು ನಾಚಿದೆನೇ ಹೊರತು ಅದರಿಂದ ಕಲಿಯಬೇಕಾದುದನ್ನು ಕಲಿಯಲಿಲ್ಲ.

೧೯೮೯ರ ವೇಳೆಗೆ ಬೆಂಗಳೂರಿನಲ್ಲಿ ಆಫ್‌ಸೆಟ್ ಮುದ್ರಣವು ಬಲವಾಗಿ ಹರಡಿದ್ದಿತು. ಸೀಸದ ಮೊಳೆಗಳ ಬದಲು ಛಾಯಾಚಿತ್ರದ ವಿಧಾನದಿಂದ ಅಕ್ಷರಗಳನ್ನು ಜೋಡಿಸುವ ಫೋಟೋ ಟೈಪ್‌ಸೆಟಿಂಗ್ ಯಂತ್ರಗಳ ಸುದ್ದಿ ನಮ್ಮ ಊರಿಗೂ ಮುಟ್ಟಿತು. ದಲ್ಲಾಳಿಯೊಬ್ಬನು ಬಂದು ಅಂಥ ಹಳೆಯ ಯಂತ್ರವೊಂದನ್ನು ಮಾವನವರಿಗೆ ಕೊಡಿಸುವುದಾಗಿ ಹೇಳಿದನು. ಮನೆಯನ್ನು ಅಡವಿಟ್ಟರೆ ಹಣ ಹೊಂದುತ್ತಿತ್ತು. ಅದೇ ಸಂಜೆ ಮೊಳೆ ಜೋಡಿಸುವ ಹಿರಿಯರು ಬಂದು ಬಾಗಿಲ ಬಳಿ ನಿಂತು, "ಯಜಮಾನರೆ, ಯಂತ್ರ ಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ನನ್ನನ್ನು ಮಾತ್ರ ಮೂರು ತಿಂಗಳು ಬೆಂಗಳೂರಿಗೆ ಕಳುಹಿಸಿಕೊಡಿ. ನನ್ನ ಷಡ್ಡಕ ಅಲ್ಲಿಯೇ ಇದ್ದಾನೆ, ಊಟಕ್ಕೆ ತೊಂದರೆಯಿಲ್ಲ. ಆ ಕೀಲಿಮಣೆಯ ಕೆಲಸವನ್ನು ಕಲಿತು ಬರುತ್ತೇನೆ" ಎಂದರು.

ಮಾವನವರು ನನ್ನ ಕಡೆ ತಿರುಗಿ, "ಏನಯ್ಯಾ ಪಂಡಿತ, ನೀನು ಓದಿದವನು. ಏನು ಮಾಡೋಣ ಹೇಳು" ಎಂದು ಕೇಳಿದರು.

ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಮಾವ, ಸೀಸದ ಅಕ್ಷರ ಐದು ನೂರು ವರ್ಷ ಬಾಳಿದೆ. ನಮ್ಮ ಕಾಲಕ್ಕೆ ಅದೇನೂ ಅಳಿದುಹೋಗುವುದಿಲ್ಲ. ಯಂತ್ರವೂ ಬೇಡ, ಬೆಂಗಳೂರೂ ಬೇಡ" ಎಂದುಬಿಟ್ಟೆ. ಎರಡು ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟೆ. ಮಾವನವರು ನನ್ನ ಮಾತನ್ನು ನಂಬಿದರು. ಏಳು ವರ್ಷಗಳೊಳಗೆ ಮುದ್ರಣಾಲಯದ ಬಾಗಿಲು ಮುಚ್ಚಿತು. ಮೊಳೆ ಜೋಡಿಸುತ್ತಿದ್ದ ಹಿರಿಯರು ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಉಳಿದ ಕಾಲವನ್ನು ಕಳೆದರು.

ನಿವೃತ್ತನಾದ ಮೇಲೆ, ೨೦೨೩ರ ಬೇಸಗೆಯಲ್ಲಿ, ಮಗಳ ಮನೆಗೆಂದು ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಹೋಗಿದ್ದೆ. ಮುದುಕನಿಗೆ ಹೊತ್ತು ಹೋಗಲೆಂದು ಅಳಿಯಂದಿರು ನನ್ನನ್ನು ಹೇವರಿಲ್ ಎಂಬ ಊರಿನ ಮುದ್ರಣ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೊಳೆಗಳ ಕೇಸುಗಳನ್ನೂ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಗಳನ್ನೂ ಕಂಡು ತವರಿಗೆ ಬಂದಂತಾಯಿತು. ಅವುಗಳಾಚೆಗೆ ಬೀರುವಿನಂಥ ಕೆಲವು ಯಂತ್ರಗಳು ಸಾಲಾಗಿ ನಿಂತಿದ್ದುವು. ಇವೇ ಫೋಟೋ ಟೈಪ್‌ಸೆಟಿಂಗ್ ಯಂತ್ರಗಳೆಂದು ತಿಳಿದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು. ಯಾವುದನ್ನು ನಾನು ಬೇಡವೆಂದಿದ್ದೆನೋ ಅದನ್ನು ಅಲ್ಲಿಯವರೆಗೆ ಕಣ್ಣಿನಿಂದ ಕಂಡೇ ಇರಲಿಲ್ಲ. ಈಗ ಕಂಡದ್ದು ವಸ್ತುಸಂಗ್ರಹಾಲಯದಲ್ಲಿ, ಸೀಸದ ಮೊಳೆಗಳ ನೆರೆಯಲ್ಲಿಯೇ! ಊರಿಗೆ ಬಂದ ಮೇಲೆ ಆ ಯಂತ್ರಗಳ ಚರಿತ್ರೆಯನ್ನು ಅಲ್ಲಲ್ಲಿ ಹುಡುಕಿ ಓದಿದೆನು. ಅದರ ಸಾರವಿಷ್ಟು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ದೇಶದಲ್ಲಿ ರೆನೆ ಹಿಗೊನ್ನೆ, ಲೂಯಿ ಮೊಯ್‌ರೂ ಎಂಬ ಇಬ್ಬರು ಇಂಜಿನಿಯರುಗಳಿದ್ದರು. ಅವರದು ಟೆಲಿಫೋನು ಕಂಪೆನಿಯ ಕೆಲಸ. ಮುದ್ರಣಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಹಿಗೊನ್ನೆಯವರು ಒಮ್ಮೆ ಆಫ್‌ಸೆಟ್ ಮುದ್ರಣಾಲಯವೊಂದನ್ನು ನೋಡಿದರು. ಅಲ್ಲಿ ಸೀಸವನ್ನು ಕರಗಿಸಿ ಅಕ್ಷರಗಳನ್ನೆರೆದು, ಜೋಡಿಸಿ, ಅದರಿಂದ ಒಂದೇ ಒಂದು ಪ್ರತಿಯನ್ನು ತೆಗೆದು, ಅದರ ಛಾಯಾಚಿತ್ರವನ್ನು ಹಿಡಿದು, ಸೀಸವನ್ನೆಲ್ಲ ಮತ್ತೆ ಕರಗಿಸಲು ಹಾಕುತ್ತಿದ್ದರು. ಕಡೆಗೆ ಬೇಕಾದುದು ಛಾಯಾಚಿತ್ರವೇ ಆದಲ್ಲಿ ನಡುವೆ ಇಷ್ಟೊಂದು ಸೀಸವೇಕೆ? ಈ ಪ್ರಶ್ನೆಯಿಂದಲೇ ಹೊಸ ಯಂತ್ರ ಹುಟ್ಟಿತು. ೧೯೪೬ರಲ್ಲಿ ಅದರ ಮೊದಲ ಮಾದರಿಯನ್ನು ಜನರಿಗೆ ತೋರಿಸಿದರು.

ಅದರ ಕೆಲಸದ ಬಗೆ ಹೀಗೆ. ಗಾಜಿನ ತಟ್ಟೆಯೊಂದರ ಮೇಲೆ ಅಕ್ಷರಗಳು ವರ್ತುಲವಾಗಿ ಬರೆಯಲ್ಪಟ್ಟಿರುತ್ತವೆ. ಅಕ್ಷರದ ಭಾಗ ಮಾತ್ರ ಪಾರದರ್ಶಕ, ಮಿಕ್ಕುದೆಲ್ಲ ಕಪ್ಪು. ತಟ್ಟೆಯು ಎಡೆಬಿಡದೆ ತಿರುಗುತ್ತಿರುತ್ತದೆ. ಕೀಲಿಯನ್ನೊತ್ತಿದಾಗ, ಬೇಕಾದ ಅಕ್ಷರವು ದೀಪದೆದುರು ಬರುವ ಕ್ಷಣಕ್ಕೆ ಸರಿಯಾಗಿ ದೀಪವು ಮಿಂಚಿ ಆರಿಹೋಗುತ್ತದೆ. ಆ ಬೆಳಕು ಅಕ್ಷರದೊಳಗಿನಿಂದ ಹಾದು, ಮಸೂರದಲ್ಲಿ ಹಿಗ್ಗಿಯೋ ಕುಗ್ಗಿಯೋ, ಛಾಯಾಚಿತ್ರದ ಹಾಳೆಯ ಮೇಲೆ ಬಿದ್ದು ಗುರುತಾಗುತ್ತದೆ. ಮುಂದೆ ಮಾರಾಟಕ್ಕೆ ಬಂದ ಯಂತ್ರದ ಒಂದೇ ತಟ್ಟೆಯಲ್ಲಿ ೧೬ ಬಗೆಯ ಅಕ್ಷರರೂಪಗಳಿದ್ದು, ಮಸೂರಗಳ ನೆರವಿನಿಂದ ಅವು ೧೨ ಗಾತ್ರಗಳಲ್ಲಿ ದೊರೆಯುತ್ತಿದ್ದುವು. ಸೀಸದಲ್ಲಾದರೆ ಇಷ್ಟಕ್ಕೆ ಕೋಣೆ ತುಂಬ ಕೇಸುಗಳು ಬೇಕು. ಇಲ್ಲಿ ಮೊಳೆಯಿಲ್ಲ, ಬೆಳಕೇ ಮೊಳೆ.

ಫ್ರಾನ್ಸಿನಲ್ಲಿ ಬಂಡವಾಳ ಸಾಲದೆ ಇಬ್ಬರೂ ಅಮೆರಿಕೆಗೆ ಹೋದರು. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ಕಾಗದದ ಫಲಕಗಳನ್ನು ಮಾಡುತ್ತಿದ್ದ ವಿಲಿಯಂ ಗಾರ್ತ್ ಎಂಬ ಮ್ಯಾಸಚೂಸೆಟ್ಸಿನ ಉದ್ಯಮಿ ಅವರನ್ನು ಕೈಹಿಡಿದನು. ೧೯೪೯ರಲ್ಲಿ ಇದಕ್ಕಾಗಿಯೇ ಒಂದು ಸಂಶೋಧನ ಪ್ರತಿಷ್ಠಾನವಾಯಿತು. ಗಾರ್ತನ ಕಂಪೆನಿಯು 'ಫೋಟಾನ್' ಎಂದು ಹೆಸರನ್ನು ಬದಲಿಸಿಕೊಂಡಿತು. ೧೯೫೩ರಲ್ಲಿ ಕೀಟಗಳನ್ನು ಕುರಿತ ಒಂದು ಪುಸ್ತಕವು ಈ ಯಂತ್ರದಿಂದ ಜೋಡಣೆಗೊಂಡ ಮೊದಲ ಪುಸ್ತಕವಾಗಿ ಹೊರಬಂದಿತು. ಅತ್ತ ಪ್ಯಾರಿಸ್ಸಿನಲ್ಲಿ, ಇದೇ ಯಂತ್ರಕ್ಕೆ ಅಕ್ಷರರೂಪಗಳನ್ನು ಹೊಂದಿಸಲು ನೇಮಕವಾದ ಏಡ್ರಿಯನ್ ಫ್ರೂಟಿಗರ್ ಎಂಬ ತರುಣ ಕಲಾವಿದನು 'ಯೂನಿವರ್ಸ್' ಎಂಬ ಅಕ್ಷರರೂಪವನ್ನು ರಚಿಸಿದನು. ೧೯೫೭ರಲ್ಲಿ ಅದು ಸೀಸಕ್ಕೂ ಬೆಳಕಿಗೂ ಒಟ್ಟಿಗೆ ಒದಗಿತು.

ಯಂತ್ರ ದೊಡ್ಡದು, ಬೆಲೆಯೂ ದೊಡ್ಡದು. ೧೯೬೦ರಲ್ಲಿ ಗಾರ್ತನು ತಾನೇ ಬೆಳೆಸಿದ ಕಂಪೆನಿಯಿಂದ ಹೊರಬೀಳಬೇಕಾಯಿತು. ಅದೇ ವರ್ಷ ಎಲಿಸ್ ಹ್ಯಾನ್‌ಸನ್ ಎಂಬ ಇಂಜಿನಿಯರನೊಡನೆ ಸೇರಿ ಅವನು ಕಟ್ಟಿದ್ದೇ ಕಾಂಪ್ಯುಗ್ರಾಫಿಕ್ ಕಂಪೆನಿ. ನನ್ನ ಕಥೆಗೆ ಮುಖ್ಯವಾದುದು ಇದು. ಇದರ ಮೊದಮೊದಲಿನ ಸರಕುಗಳಲ್ಲಿ ಸಾಲುಗಳ ಅಂಚನ್ನು ಸಮಮಾಡಿಕೊಡುವ ಚಿಕ್ಕ ಗಣಕಗಳಿದ್ದುವು. ಅವು ಸೀಸದ ಯಂತ್ರಗಳಿಗೆ ಸಹಾಯಕವಾಗಿದ್ದುವು. ೧೯೬೮ರಲ್ಲಿ ಕಂಪೆನಿಯು ತನ್ನ ಸ್ವಂತ ಬೆಳಕಿನ ಯಂತ್ರಗಳನ್ನು ತಂದಿತು. ಅವು ಫೋಟಾನಿನ ಯಂತ್ರದಷ್ಟು ಸಮರ್ಥವಲ್ಲ, ಅಕ್ಷರರೂಪಗಳು ಕೆಲವೇ. ಆದರೆ ಬೆಲೆ ಬಹಳ ಕಡಮೆ. ಗಾಜಿನ ತಟ್ಟೆಗೆ ಬದಲಾಗಿ ಫಿಲ್ಮಿನ ಪಟ್ಟಿಯೊಂದು ಉರುಳೆಗೆ ಸುತ್ತಿಕೊಂಡು ತಿರುಗುತ್ತಿತ್ತು. ದೊಡ್ಡ ಯಂತ್ರವನ್ನು ಕನಸಿನಲ್ಲಿಯೂ ಕೊಳ್ಳಲಾರದ ಹಳ್ಳಿಯ ವಾರಪತ್ರಿಕೆಗಳು, ಸಣ್ಣ ಮುದ್ರಣಾಲಯಗಳು, ಕಾಲೇಜುಗಳು ಇದನ್ನು ಕೊಂಡುವು. ೧೯೭೧ರಲ್ಲಿ, ಬೆರಳಚ್ಚು ಬಲ್ಲ ಯಾರು ಬೇಕಾದರೂ ಕುಳಿತು ನಡೆಸಬಹುದಾದ ಕಾಂಪ್ಯುರೈಟರ್ ಬಂದಿತು. ೧೯೭೭ರಲ್ಲಿ, ಪರದೆಯ ಮೇಲೆ ತಿದ್ದುವುದಕ್ಕೆ ಅನುಕೂಲವಿದ್ದ ಎಡಿಟ್‌ರೈಟರ್ ಬಂದಿತು. ತಾಯಿ ಕಂಪೆನಿಯಾದ ಫೋಟಾನ್ ಮಾತ್ರ ೧೯೭೦ರ ದಶಕದ ನಡುಭಾಗದಲ್ಲಿ ಬೇರೊಂದು ಕಂಪೆನಿಯೊಳಗೆ ಲೀನವಾಗಿಹೋಯಿತು. ಹೊರಗೆ ಹಾಕಲ್ಪಟ್ಟವನು ಕಟ್ಟಿದ ಕಂಪೆನಿ ವಿಲ್ಮಿಂಗ್ಟನ್ ಎಂಬ ಊರಿನಲ್ಲಿ ಬೆಳೆದು ನಿಂತಿತು.

ಈ ಏಳಿಗೆಯ ಒಳಗೇ ಬೀಳುವಿಕೆಯ ಬೀಜವೂ ಇದ್ದಿತೆಂದು ನನಗೆ ತೋರುತ್ತದೆ. ಆ ಫಿಲ್ಮಿನ ಪಟ್ಟಿಗಳು ಅದೇ ಕಂಪೆನಿಯ ಯಂತ್ರಕ್ಕಲ್ಲದೆ ಬೇರೆ ಯಂತ್ರಕ್ಕೆ ಹೊಂದುತ್ತಿರಲಿಲ್ಲ. ಯಂತ್ರವನ್ನು ಕೊಂಡವನು ಅಕ್ಷರಗಳಿಗಾಗಿ ಮತ್ತೆ ಮತ್ತೆ ಅಲ್ಲಿಗೇ ಹೋಗಬೇಕು. ಅಮೆರಿಕಾದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯದ ರಕ್ಷಣೆಯಿಲ್ಲ, ಹೆಸರಿಗೆ ವ್ಯಾಪಾರಮುದ್ರೆಯ ರಕ್ಷಣೆ ಉಂಟು. ಆದುದರಿಂದ ಹೆಲ್ವೆಟಿಕಾ ಎಂಬ ಪ್ರಸಿದ್ಧ ರೂಪವನ್ನು ಹೋಲುವ ಅಕ್ಷರಗಳನ್ನು ಮಾಡಿ ಈ ಕಂಪೆನಿಯು 'ಹೆಲಿಯೋಸ್' ಎಂಬ ಹೆಸರಿನಿಂದ ಮಾರುತ್ತಿದ್ದಿತು. ಹೆಲಿಯೋಸ್ ಎಂದರೆ ಗ್ರೀಕರ ಭಾಷೆಯಲ್ಲಿ ಸೂರ್ಯ. ನಮ್ಮ ಸೂರ್ಯಶಬ್ದಕ್ಕೂ ಅದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸೂರ್ಯನನ್ನು ಹೆಸರಿಟ್ಟು ಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕಿದಂತಾಯಿತು ಇದು!

೧೯೮೧ರಲ್ಲಿ ಯೂರೋಪಿನ ಆಗ್ಫಾ-ಗೇವರ್ಟ್ ಕಂಪೆನಿಯು ಕಾಂಪ್ಯುಗ್ರಾಫಿಕ್ಕಿನ ಬಹುಪಾಲು ಷೇರುಗಳನ್ನು ಕೊಂಡಿತು. ೧೯೮೫ರಲ್ಲಿ ಆಪಲ್ ಕಂಪೆನಿಯ ಲೇಸರ್ ಮುದ್ರಕ, ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್, ಆಲ್ಡಸ್ ಎಂಬವರ ಪೇಜ್‌ಮೇಕರ್ ಮೂರೂ ಒಟ್ಟಿಗೆ ಬಂದುವು. ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಪುಟವನ್ನು ವರ್ಣಿಸುವ ಒಂದು ಭಾಷೆ. ಅದನ್ನು ಬಲ್ಲ ಯಂತ್ರ ಮೇಜಿನ ಮೇಲಿನ ಸಣ್ಣ ಮುದ್ರಕವಾಗಲಿ, ಮುದ್ರಣಾಲಯದ ದೊಡ್ಡ ಯಂತ್ರವಾಗಲಿ, ಒಂದೇ ಪುಟವನ್ನು ಕೊಡುತ್ತದೆ. ಅಕ್ಷರವು ಯಂತ್ರದಿಂದ ಬಿಡುಗಡೆ ಹೊಂದಿತು. ಲೈನೋಟೈಪ್ ಎಂಬ ಹಳೆಯ ಪ್ರತಿಸ್ಪರ್ಧಿಯು ಕೂಡಲೇ ಈ ಭಾಷೆಯನ್ನು ಒಪ್ಪಿಕೊಂಡಿತು. ಪೆಟ್ಟಿಗೆಗೆ ಬೀಗ ಹಾಕಿ ಬಾಳಿದವರಿಗೆ ಮಾತ್ರ ಇದು ಕಷ್ಟದ ಕಾಲವಾಯಿತು. ೧೯೮೮ರಲ್ಲಿ ಕಾಂಪ್ಯುಗ್ರಾಫಿಕ್ ಆಗ್ಫಾದೊಳಗೆ ಪೂರ್ಣವಾಗಿ ಬೆರೆತುಹೋಯಿತು. ಸ್ವಲ್ಪ ಕಾಲದಲ್ಲಿಯೇ ಹೆಸರೂ ಅಳಿಯಿತು. ಅದರ ಅಕ್ಷರಭಂಡಾರವು ಕೈಯಿಂದ ಕೈಗೆ ಹೋಗಿ ೨೦೦೪ರಲ್ಲಿ ಮಾನೋಟೈಪ್ ಇಮೇಜಿಂಗ್ ಎಂಬ ಕಂಪೆನಿಯದಾಯಿತು.

೧೯೯೦ರಲ್ಲಿ ಹೊರಬಂದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಲೇಸರ್‌ಜೆಟ್ ಮುದ್ರಕದಲ್ಲಿ ಎರಡು ಅಕ್ಷರರೂಪಗಳು ಒಳಗೇ ಅಡಕವಾಗಿದ್ದುವು. ಒಂದು ಸಿ.ಜಿ. ಟೈಮ್ಸ್, ಸಿ.ಜಿ. ಎಂದರೆ ಕಾಂಪ್ಯುಗ್ರಾಫಿಕ್. ಮತ್ತೊಂದು ಯೂನಿವರ್ಸ್. ಫೋಟಾನಿನ ತಟ್ಟೆಯ ಕಾಲದಲ್ಲಿ ಹುಟ್ಟಿದ ರೂಪವೂ ಅದನ್ನು ಮೀರಿಸಿದ ಕಂಪೆನಿಯ ಹೆಸರೂ ಮೂರನೆಯವರ ಮನೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತುವು. ಯಂತ್ರಗಳು ಹೋದುವು, ಅಕ್ಷರಗಳು ಉಳಿದುವು.

ಇದನ್ನೆಲ್ಲ ಓದಿ ಮುಗಿಸಿದಾಗ ನನಗೆ ಮೊದಲು ಆದದ್ದು ಸಮಾಧಾನ. ಮಾವನವರಿಗೆ ೧೯೮೯ರಲ್ಲಿ ಯಂತ್ರ ಬೇಡವೆಂದದ್ದು ಸರಿಯೇ ಆಗಿತ್ತಲ್ಲ! ಕಾಂಪ್ಯುಗ್ರಾಫಿಕ್ಕಿನಂಥ ಕಂಪೆನಿಯೇ ಅದಕ್ಕೆ ಹಿಂದಿನ ವರ್ಷ ತನ್ನತನವನ್ನು ಕಳೆದುಕೊಂಡಿತ್ತು. ಮನೆಯನ್ನು ಅಡವಿಟ್ಟಿದ್ದರೆ ಮುದ್ರಣಾಲಯದೊಡನೆ ಮನೆಯೂ ಹೋಗುತ್ತಿತ್ತು. ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಅಂದು ನಾನು ಉತ್ತರಿಸಿದ್ದು ಎರಡು ಪ್ರಶ್ನೆಗಳಿಗೆ. ಮಾವನವರದು ಯಂತ್ರದ ಪ್ರಶ್ನೆ. ಆ ಹಿರಿಯರದು ವಿದ್ಯೆಯ ಪ್ರಶ್ನೆ. ಮೊದಲನೆಯದಕ್ಕೆ ನಾನು ಕೊಟ್ಟ ಉತ್ತರ ಸರಿಯಾದುದು ಅದೃಷ್ಟದಿಂದ. ಎರಡನೆಯದಕ್ಕೆ ಕೊಟ್ಟದ್ದು ತಪ್ಪಾದುದು ನನ್ನ ಗರ್ವದಿಂದ.

ನಾನು ಕರಡು ತಿದ್ದಲು ಕುಳಿತ ೧೯೭೮ನೆಯ ವರ್ಷದಲ್ಲಿಯೇ, ಜುಲೈ ತಿಂಗಳ ಮೊದಲಲ್ಲಿ, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯು ಸೀಸದ ಅಕ್ಷರಗಳಿಂದ ತನ್ನ ಕಡೆಯ ಸಂಚಿಕೆಯನ್ನು ಅಚ್ಚುಹಾಕಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, ೧೯೭೪ರಲ್ಲಿ, ಅಲ್ಲಿಯ ಮುದ್ರಣ ಕಾರ್ಮಿಕರ ಸಂಘಕ್ಕೂ ಮಾಲೀಕರಿಗೂ ಒಡಂಬಡಿಕೆಯಾಗಿದ್ದಿತು. ಹೊಸ ಯಂತ್ರಗಳಿಗೆ ಕಾರ್ಮಿಕರು ಅಡ್ಡಿಮಾಡತಕ್ಕದ್ದಲ್ಲ. ಖಾಯಂ ಕಾರ್ಮಿಕರ ಉದ್ಯೋಗವನ್ನು ಮಾಲೀಕರು ಜೀವಮಾನವೆಲ್ಲ ತೆಗೆಯತಕ್ಕದ್ದಲ್ಲ. ಸೀಸದ ಯಂತ್ರದ ಮುಂದೆ ಕುಳಿತಿದ್ದ ಎಷ್ಟೋ ಮಂದಿ ಗಣಕದ ಮುಂದೆ ಕುಳಿತು ಹೊಸ ಕೆಲಸವನ್ನು ಕಲಿತರು. ನ್ಯೂಯಾರ್ಕಿನ ಸಂಘದ ಬಲವನ್ನು ನಮ್ಮ ಊರಿನಲ್ಲಿ ಹುಡುಕುವುದು ನ್ಯಾಯವಲ್ಲ. ಆದರೆ ಆ ಹಿರಿಯರು ಕೇಳಿದ್ದು ಮೂರು ತಿಂಗಳ ರಜೆಯನ್ನಷ್ಟೆ. ಅದಕ್ಕೆ ಬೇಕಾಗಿದ್ದದ್ದು ಸಂಘವಲ್ಲ. ಮನೆಯೊಳಗಿದ್ದ ಒಬ್ಬ ಪಂಡಿತನ ಒಂದು ಒಳ್ಳೆಯ ಮಾತು.

ಆ ಮಾತನ್ನಾಡಲು ಬೇಕಾದ ತಿಳಿವಳಿಕೆ ನನಗಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಪುಸ್ತಕವನ್ನು ಮುಟ್ಟದೆ ಪಾಠ ಹೇಳುತ್ತಿದ್ದವರು. ವರ್ಣವೆಂದರೆ ಧ್ವನಿ, ಲಿಪಿ ಅದರ ಗುರುತು ಮಾತ್ರ, ಎಂಬುದು ಅವರು ಕಲಿಸಿದ ಮೊದಲ ಪಾಠ. ಅಕ್ಷರವೆಂಬ ಮಾತಿಗೆ ಅಳಿಯದಿರುವುದೆಂಬ ಅರ್ಥವನ್ನು ಹೇಳಿಕೊಟ್ಟವರೂ ಅವರೇ. ವೇದವು ಪದಪಾಠ ಕ್ರಮಪಾಠಗಳ ಕಟ್ಟಿನಲ್ಲಿ ತಾಳೆಯೋಲೆಯ ಹಂಗೂ ಇಲ್ಲದೆ ಸಹಸ್ರಾರು ವರ್ಷ ಬಾಯಿಂದ ಬಾಯಿಗೆ ಬಂದುದನ್ನು ಬಲ್ಲ ನಾನು, ಅಕ್ಷರದ ಬಾಳು ಸೀಸದಲ್ಲಿದೆಯೆಂದು ವಾದಿಸಿದೆ! ಆ ಅಮೆರಿಕಾದ ಕಂಪೆನಿ ಅಕ್ಷರವು ತನ್ನ ಪಟ್ಟಿಯಲ್ಲಿದೆಯೆಂದು ನಂಬಿ ಕೆಟ್ಟಿತು. ಅದರದು ವ್ಯಾಪಾರದ ಲೆಕ್ಕ. ತಪ್ಪಿದರೆ ಷೇರುದಾರರಿಗೆ ನಷ್ಟ. ನನ್ನ ತಪ್ಪಿನ ನಷ್ಟವನ್ನು ಹೊತ್ತವರು ಬೇರೊಬ್ಬರು. ನನ್ನ ಸಂಬಳವು ತಿಂಗಳ ಮೊದಲ ತಾರೀಖಿಗೆ ತಪ್ಪದೆ ಬರುತ್ತಿತ್ತು.

ಇದೇ ತಪ್ಪಿಗೆ ಇನ್ನೊಂದು ಬಗೆಯಲ್ಲಿ ದಂಡ ತೆತ್ತದ್ದೂ ಉಂಟು. ೧೯೯೮ರಲ್ಲಿ ಸುಭಾಷಿತಗಳನ್ನು ಕುರಿತ ನನ್ನದೊಂದು ಪುಸ್ತಕವನ್ನು ಆ ಕಾಲದ ಒಂದು ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದೆ. ಆಗ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಗುಟ್ಟಿನ ಸಂಕೇತ. ಒಂದರಲ್ಲಿ ಬರೆದುದು ಮತ್ತೊಂದರಲ್ಲಿ ಕಾಣದು. ಹತ್ತು ವರ್ಷಗಳ ತರುವಾಯ ತೆರೆದು ನೋಡಿದರೆ ಅಲ್ಲಿ ನನ್ನ ಕನ್ನಡವಿರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಿತ್ತು. ಎಲ್ಲ ಭಾಷೆಗಳಿಗೂ ಪೊದುವಾದ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ ೧೯೯೧ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿದ್ದಿತು. ಅದು ನಮ್ಮ ಮೇಜುಗಳನ್ನು ಮುಟ್ಟಲು ಬಹಳ ವರ್ಷಗಳು ಹಿಡಿದುವು. ಬೀಗ ಹಾಕಿದ ಪೆಟ್ಟಿಗೆಗಳು ಮ್ಯಾಸಚೂಸೆಟ್ಸಿನಲ್ಲಿ ಮಾತ್ರ ಇರುವುದಿಲ್ಲ.

ಕಳೆದ ವರ್ಷ ನಾನೇ ಕನ್ನಡ ಬೆರಳಚ್ಚನ್ನು ಕಲಿಯಲು ಕುಳಿತೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಮೊಮ್ಮಗನು ತೋರಿಸಿಕೊಟ್ಟನು. ಅದರಲ್ಲಿ ಕಾಗುಣಿತದ ಒಂದೊಂದು ರೂಪಕ್ಕೆ ಒಂದೊಂದು ಕೀಲಿಯಿಲ್ಲ. ವ್ಯಂಜನವನ್ನೊತ್ತಿ ಸ್ವರವನ್ನು ಒತ್ತಿದರೆ ಗುಣಿತಾಕ್ಷರ. ಎರಡು ವ್ಯಂಜನಗಳನ್ನು ಕೂಡಿಸುವ ಕೀಲಿಯನ್ನು ನಡುವೆ ಒತ್ತಿದರೆ ಒತ್ತಕ್ಷರ. ಇದು ನಾನು ಹತ್ತನೆಯ ವಯಸ್ಸಿನಲ್ಲಿ ಕಲಿತ ವರ್ಣಪಾಠವೇ ಹೊರತು ಬೇರೆಯಲ್ಲ! ಎರಡು ದಿನಗಳಲ್ಲಿ ನನ್ನಂಥವನಿಗೆ ತಿಳಿಯಿತು. ಬಿಟ್ಟುಹೋದ ಒತ್ತನ್ನು ಹಿಡಿಯಬಲ್ಲ ಆ ಹಿರಿಯರಿಗೆ ಒಂದು ದಿನ ಸಾಕಾಗುತ್ತಿತ್ತು.

ಅವರು ೨೦೦೭ರಲ್ಲಿ ತೀರಿಕೊಂಡರು. ಈ ಯುಗಾದಿಯ ಮರುದಿನ ಅವರ ಮಗನ ಮನೆಗೆ ಹೋಗಿ, ಹಿಂದೆ ನಡೆದುದನ್ನೆಲ್ಲ ಹೇಳಿ, ತಪ್ಪಾಯಿತೆಂದೆ. ಅವರು ನನಗೆ ಕಾಫಿ ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೆ, ನಿಮ್ಮ ಮೇಲೆ ಅಪ್ಪನಿಗೆ ಕೋಪವಿರಲಿಲ್ಲ. ಪಂಡಿತರು ಹೇಳಿದ ಮೇಲೆ ಸರಿಯೇ ಇರಬೇಕು ಅನ್ನುತ್ತಿದ್ದರು. ಆದರೆ ಬೀದಿಯಲ್ಲಿ ಕಂಪ್ಯೂಟರ್ ಅಂಗಡಿ ಕಂಡರೆ ಒಳಗೆ ಹೋಗದೆ ಹೊರಗೇ ನಿಂತು ನೋಡುತ್ತಿದ್ದರು" ಎಂದರು. ಕೋಪವಿದ್ದಿತೆಂದು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅಟ್ಟದ ಪೆಟ್ಟಿಗೆಯಿಂದ ತೆಗೆದುಕೊಂಡು ಹೋಗಿದ್ದ ಒಂದು ಹಿಡಿ ಮೊಳೆಗಳನ್ನು ಅವರ ಕೈಗೆ ಕೊಟ್ಟು ಬಂದೆ.

ಈ ಲೇಖನವನ್ನು ನಾನೇ ಬೆರಳಚ್ಚು ಮಾಡಿದ್ದೇನೆ. ಎಲ್ಲಿಯಾದರೂ ಒತ್ತು ಬಿಟ್ಟುಹೋಗಿದ್ದರೆ ವಾಚಕರು ಮನ್ನಿಸಬೇಕು. ಕರಡನ್ನು ಎರಡು ಸಲ ನೋಡಿದ್ದೇನೆ; ಆದರೆ ನನ್ನ ಕಣ್ಣಿನ ಅಳತೆ ನನಗೆ ಗೊತ್ತು.